ಭದ್ರಾವತಿಗೆ ಹಾಕಿದ ಬ್ರಿಡ್ಜು

ಮಾತು ಹೇಳಿ ಕಳಿಸಬಾರದ ಜನರಲ್ಲಿ ಎರಡು ಬಗೆ. ಒಂದು, ಹೇಳಿದ್ದನ್ನು ಅರ್ಧ ದಾರಿಯಲ್ಲೇ ಮರೆತುಬಿಡುವವರು. ಇವರಿಂದ ಲೋಕಕ್ಕೆ ಅಂಥ ಹಾನಿಯೇನೂ ಇಲ್ಲ. ಹೆಚ್ಚೆಂದರೆ ಯಾರದೋ ಮನೆಗೆ ಕರಿಬೇವು ತಲುಪುವುದಿಲ್ಲ, ಇನ್ಯಾರೋ ನಾಮಕರಣಕ್ಕೆ ಒಂದು ದಿನ ತಡವಾಗಿ ಹೋಗುತ್ತಾರೆ. ಎರಡನೆಯವರು, ಹೇಳಿದ್ದರಲ್ಲಿ ಒಂದಕ್ಷರವನ್ನೂ ಬಿಡದೆ ತಲುಪಿಸುವವರು. ಇವರು ಅಪಾಯದ ಜನ. ನಾನು ಇವರ ಪೈಕಿ. ಇದನ್ನು ಬಹಳ ವರ್ಷ ನನ್ನ ದೊಡ್ಡ ಗುಣವೆಂದೇ ತಿಳಿದುಕೊಂಡಿದ್ದೆ. ಮಾತಿನ ವಿಷಯದಲ್ಲಿ ನನಗೆ ಮರೆವೆಂಬುದೇ ಇಲ್ಲ ಎಂದು ನಾಲ್ಕು ಜನರೆದುರು ಹೇಳಿಕೊಂಡೂ ಇದ್ದೆ. ವಸ್ತುಗಳ ವಿಷಯ ಬೇರೆ. ಅದನ್ನು ಆಮೇಲೆ ಹೇಳುತ್ತೇನೆ.

ಈ ಗುಣ ನನಗೆ ಕಸುಬಿನಿಂದ ಬಂದದ್ದು. ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ ನಾನು ಕರಡು ತಿದ್ದುತ್ತಿದ್ದೆ. ಮೂಲದಲ್ಲಿ ಇದ್ದದ್ದು ಅಚ್ಚಿನಲ್ಲಿಯೂ ಹಾಗೆಯೇ ಬರಬೇಕು, ಒಂದು ಕೊಂಬು ಹೆಚ್ಚಾಗಬಾರದು, ಒಂದು ಒತ್ತು ಕಡಿಮೆಯಾಗಬಾರದು. ಬರೆದವರು ಬರೆದದ್ದು ಸರಿಯೋ ತಪ್ಪೋ ಎಂದು ಕೇಳುವುದು ನನ್ನ ಕೆಲಸವಲ್ಲ. ನಮ್ಮ ಯಜಮಾನರ ಪ್ರೆಸ್ಸು ಎರಡು ಊರಿನಲ್ಲಿ ಹರಿದು ಹಂಚಿಹೋಗಿತ್ತು. ಗಿರಾಕಿಗಳು ಬರುವುದು ಶಿವಮೊಗ್ಗದ ಅಂಗಡಿಗೆ; ಅಕ್ಷರ ಜೋಡಿಸುವ ಕಂಪ್ಯೂಟರುಗಳೂ ಅಲ್ಲೇ. ಮುದ್ರಣ ಯಂತ್ರ ಮಾತ್ರ ಭದ್ರಾವತಿಯಲ್ಲಿ, ಯಜಮಾನರ ತಂದೆ ಯಾವ ಕಾಲದಲ್ಲೋ ಕೊಂಡಿದ್ದ ಜಾಗದಲ್ಲಿ. ಹೀಗಾಗಿ ಶಿವಮೊಗ್ಗದಲ್ಲಿ ಜೋಡಿಸಿದ್ದು ಫ್ಲಾಪಿಯಲ್ಲಿ ಕೂತು ಭದ್ರಾವತಿಗೆ ಹೋಗಬೇಕಾಗಿತ್ತು. ಆ ಫ್ಲಾಪಿ ನನ್ನ ಜೇಬಿನಲ್ಲಿ ಕೂರುತ್ತಿತ್ತು, ನಾನು ಬಸ್ಸಿನಲ್ಲಿ ಕೂರುತ್ತಿದ್ದೆ. ಬೆಳಿಗ್ಗೆ ಹತ್ತಕ್ಕೆ ಹತ್ತಿದರೆ ಮಲವಗೊಪ್ಪ ದಾಟುವಷ್ಟರಲ್ಲಿ ಎರಡು ಪುಟ ಕರಡು ನೋಡಿ ಮುಗಿಸುತ್ತಿದ್ದೆ, ಆಮೇಲೆ ಸ್ವಲ್ಪ ನಿದ್ದೆ.

ಫ್ಲಾಪಿಯನ್ನು ನಂಬುವ ಹಾಗಿರಲಿಲ್ಲ. ಇಲ್ಲಿ ಓದಿದ್ದನ್ನು ಅಲ್ಲಿ ಓದುತ್ತಿರಲಿಲ್ಲ. ಓದಿದರೂ ಅಲ್ಲಿನ ಕಂಪ್ಯೂಟರಿನಲ್ಲಿ ನಮ್ಮ ಅಕ್ಷರಗಳು ಸರಿಯಾಗಿಲ್ಲದೆ ಒತ್ತುಗಳೆಲ್ಲ ಹಾರಿಹೋಗುತ್ತಿದ್ದವು. ಒಂದು ಸಲ ಒಬ್ಬ ಸಂಭಾವಿತರ ಮಗಳ ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪ, ಚಿಕ್ಕಪ್ಪಂದಿರೆಲ್ಲ ಸಾಲಾಗಿ ದೊಡಪ, ಚಿಕಪ ಎಂದು ನಿಂತಿದ್ದರು. ಯಂತ್ರ ಓಡುವ ಮೊದಲೇ ನಾನು ಅಲ್ಲಿದ್ದುದರಿಂದ ಆ ಮದುವೆ ಗೌರವದಿಂದ ನಡೆಯಿತು. ಯಜಮಾನರು ಅಂದೇ ಏನೋ ನಿರ್ಧಾರ ಮಾಡಿದಂತಿತ್ತು. ಸ್ವಲ್ಪ ದಿನದ ಮೇಲೆ ನನ್ನನ್ನು ಕರೆದು, "ಇನ್ಮೇಲೆ ನಿಮಗೆ ಬಸ್ಸಿನ ಕಾಟ ಇಲ್ಲ ಕಣ್ರೀ. ಇಲ್ಲಿಂದ ಭದ್ರಾವತಿಗೆ ಒಂದು ಬ್ರಿಡ್ಜ್ ಹಾಕಿಸ್ತಿದೀನಿ," ಎಂದರು.

ಹೊಳೆಗೆ ಈಗಾಗಲೇ ಒಂದು ಇದೆಯಲ್ಲ ಸಾರ್ ಎಂದು ನಾನು ಹೇಳಿದ್ದು ನಿಜ. ಅವರು ನಕ್ಕಿದ್ದೂ ನಿಜ. ಆದರೆ ಆ ದಿನವೇ ಹನ್ನೊಂದು ಗಂಟೆಗೆ ಭದ್ರಾವತಿಯ ಕಾಗದನಗರದಲ್ಲಿ ನಮ್ಮ ಗಿರಿಜಕ್ಕನಿಗೆ ಈ ಸುದ್ದಿ ಹೇಳಿದಾಗ ಅವಳೂ, "ಹೊಸ ಸೇತುವೆನೇನೋ? ಒಳ್ಳೇದಾಯ್ತು ಬಿಡು, ಆ ಹಳೇದು ಮಳೆ ಜೋರಾದ್ರೆ ಮುಳುಗಿ ಕೂರುತ್ತೆ," ಎಂದಳು. ಒಂದೇ ತಾಯಿಯ ಮಕ್ಕಳೆಂದರೆ ಹೀಗಿರಬೇಕು ಎಂದು ಸಮಾಧಾನವಾಯಿತು.

ಅಕ್ಕನ ವಿಷಯ ಹೇಳಬೇಕು, ಏಕೆಂದರೆ ನನ್ನ ಈ ಕಥೆಯೆಲ್ಲ ಅವಳದೇ. ಭಾವ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು; ಅವರ ಕ್ವಾರ್ಟರ್ಸು ಕಾಗದನಗರದಲ್ಲಿ. ನಾನಿರುವುದು ಶಿವಮೊಗ್ಗದ ಹೊಸಮನೆಯಲ್ಲಿ, ಒಂದು ಹಳೇ ಮನೆಯಲ್ಲಿ. ಅಮ್ಮ ಹೋದ ಮೇಲೆ ಅಕ್ಕನಿಗೆ ತವರು ಎಂದು ಉಳಿದದ್ದು ಈ ನಮ್ಮ ಮನೆಯೊಂದೇ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅವಳು ಬರುತ್ತಾಳೆ. ನನ್ನ ಹೆಂಡತಿ ವಿಮಲ ಮೊರದಲ್ಲಿ ಬಾಗಿನ ಜೋಡಿಸಿ, ಸೆರಗು ಮುಚ್ಚಿ ಅವಳ ಕೈಗೆ ಕೊಡುತ್ತಾಳೆ. ಅಮ್ಮ ಕೊಡುತ್ತಿದ್ದ ಜಾಗದಲ್ಲೇ, ದೇವರ ಕೋಣೆಯ ಹೊಸಿಲ ಹತ್ತಿರ. ಆ ಒಂದು ನಿಮಿಷ ನಾನು ಯಾವುದೋ ನೆಪ ಮಾಡಿಕೊಂಡು ಹಿತ್ತಿಲಿಗೆ ಹೋಗುತ್ತೇನೆ, ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣಬಾರದು ನೋಡಿ. ಉಳಿದ ದಿನಗಳಲ್ಲಿ ನಾನು ದಿನಾ ಭದ್ರಾವತಿಗೆ ಹೋಗುವವನು, ಹನ್ನೊಂದು ಗಂಟೆಗೆ ಅಕ್ಕನ ಮನೆಯಲ್ಲಿ ಕಾಫಿ ಕುಡಿಯುವವನು. ಎರಡು ಮನೆಯ ಮಾತುಕತೆಯೆಲ್ಲ ನನ್ನ ಮೂಲಕವೇ ನಡೆಯುತ್ತಿತ್ತು. ಎರಡೂ ಮನೆಯಲ್ಲಿ ಫೋನಿತ್ತು. ಇವನು ದಿನಾ ಬರುವಾಗ ಅದನ್ನು ಯಾಕೆ ಮುಟ್ಟುವುದು ಎಂದು ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿಟ್ಟಿದ್ದರು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಕ್ಕ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟಳು. ಮನೆಗೆ ತಂದು, ಊಟಕ್ಕೆ ಕೂತು, ಒಂದು ಮಿಡಿ ಕಚ್ಚಿದೆ. "ಉಪ್ಪು ಒಂದು ಚೂರು ಮುಂದಾಗಿದೆ ಅಲ್ವಾ?" ಎಂದೆ. ವಿಮಲ ಮಜ್ಜಿಗೆ ಬಡಿಸುತ್ತಾ, "ಹೂಂ, ಇರಬಹುದು," ಎಂದಳು. ಇಷ್ಟೇ ನಡೆದದ್ದು. ಮಾರನೆಯ ದಿನ ಅಕ್ಕ, "ಹೇಗಿತ್ತೋ ಉಪ್ಪಿನಕಾಯಿ?" ಎಂದು ಕೇಳಿದಳು. ನಾನು, "ಚೆನ್ನಾಗಿತ್ತು. ಉಪ್ಪು ಒಂದು ಚೂರು ಮುಂದಾಗಿದೆ ಅಂತ ವಿಮಲ ಅಂದ್ಲು," ಎಂದೆ. ಮಾತಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಆಡಿದವರು ಮಾತ್ರ ಬದಲಾಗಿದ್ದರು. ಇಪ್ಪತ್ತು ವರ್ಷ ಕರಡು ತಿದ್ದಿದವನ ಕಣ್ಣಿಗೆ ಆ ತಪ್ಪು ಬೀಳಲಿಲ್ಲ.

ಅಕ್ಕ ನಕ್ಕಳು. "ಹಾಗಾದ್ರೆ ಮುಂದಿನ ವರ್ಷ ಅವಳ ಕೈಲೇ ಉಪ್ಪು ಹಾಕಿಸ್ತೀನಿ ಅನ್ನು," ಎಂದಳು. ನಾನು ಸಂಜೆ ಮನೆಗೆ ಬಂದು, "ಮುಂದಿನ ವರ್ಷ ನಿನ್ನ ಕೈಲೇ ಉಪ್ಪು ಹಾಕಿಸ್ತಾಳಂತೆ ಅಕ್ಕ," ಎಂದು ತಲುಪಿಸಿದೆ. ನಗುವನ್ನು ಸಾಗಿಸುವುದಕ್ಕೆ ನನ್ನಲ್ಲಿ ಅನುಕೂಲವಿರಲಿಲ್ಲ. ಅದು ಕಾಗದನಗರದಲ್ಲೇ ಉಳಿಯಿತು. ವಿಮಲಳ ಮುಖ ಸಣ್ಣದಾಯಿತು. "ನಾನೇನಂದೆ ಅಂತ ಹಾಗಂದ್ರು?" ಎಂದಳು. ಉಪ್ಪಿನ ವಿಷಯ ಎಂದೆ. "ಅಯ್ಯೋ, ಅದನ್ನೂ ಹೇಳಿಬಿಟ್ರಾ?" ಎಂದಳು.

ಇಷ್ಟಕ್ಕೇ ನಿಂತಿದ್ದರೆ ನಾಲ್ಕು ದಿನದಲ್ಲಿ ತಣ್ಣಗಾಗುತ್ತಿತ್ತು. ಆದರೆ ಎರಡು ಮನೆಗಳ ನಡುವೆ ಓಡಾಡುವವನು ನಾನೊಬ್ಬನೇ ಆಗಿರಲಿಲ್ಲ, ಭಾವನೂ ಇದ್ದರು. ಭಾವನ ಬಳಿ ಒಂದು ಸ್ಕೂಟರ್ ಇತ್ತು. ಭದ್ರಾವತಿಯ ಮೆಕ್ಯಾನಿಕ್ಕುಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ವಾರದ ರಜೆಯ ದಿನ ಅದನ್ನು ಹೊಸಮನೆಯ ನಮ್ಮ ಬೀದಿ ತುದಿಯ ಗ್ಯಾರೇಜಿಗೆ ತಂದು ಬಿಟ್ಟು, ರಿಪೇರಿ ಆಗುವವರೆಗೆ ನಮ್ಮ ಮನೆಯಲ್ಲಿ ಊಟ ಮಾಡಿ ಒಂದು ನಿದ್ದೆ ತೆಗೆಯುತ್ತಿದ್ದರು. ಸ್ಕೂಟರು ಪ್ರತಿ ವಾರ ತಪ್ಪದೆ ಕೆಡುತ್ತಿತ್ತು. ಅದಕ್ಕೆ ವಿಮಲಳ ಹುಳಿಯೇ ಕಾರಣವೆಂದು ನನಗೆ ಮೊದಲಿಂದಲೂ ಅನುಮಾನ. ಆ ವಾರ ಭಾವ ಊಟಕ್ಕೆ ಕೂತವರೇ, "ಏನಮ್ಮ, ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಅಂದ್ಯಂತೆ?" ಎಂದರು. ಅವರು ಹೇಳಿದ್ದು ತಮಾಷೆಗೆ. ವಿಮಲ ತಿಳಿದದ್ದು, ಅಕ್ಕ ಇನ್ನೂ ಅದನ್ನೇ ಇಟ್ಟುಕೊಂಡಿದ್ದಾಳೆ ಎಂದು. ಮಾರನೆಯ ದಿನ ನನ್ನ ಬಾಯಲ್ಲಿ, "ಅಕ್ಕ ಇನ್ನೂ ಆ ಮಾತು ಬಿಟ್ಟಿಲ್ವಾ ಅಂತ ವಿಮಲ ಕೇಳಿದ್ಲು," ಎಂಬ ಮಾತು ಕಾಗದನಗರಕ್ಕೆ ಹೋಯಿತು. ಅಕ್ಕ ತಿಳಿದದ್ದು, ವಿಮಲ ಇನ್ನೂ ಅದನ್ನೇ ಕೆದಕುತ್ತಿದ್ದಾಳೆ ಎಂದು. ಅದಕ್ಕೆ ಅವಳು ಆಡಿದ್ದು ಮುಂದಿನ ವಾರ ಭಾವನ ಸ್ಕೂಟರಿನಲ್ಲಿ ಹೊಸಮನೆಗೆ ಬಂತು. ಹೀಗೆ ಒಂದು ಚೂರು ಉಪ್ಪು ಮಳೆಗಾಲವಿಡೀ ಬಸ್ಸಿನಲ್ಲಿ ಹೋಗಿ ಸ್ಕೂಟರಿನಲ್ಲಿ ಬರತೊಡಗಿತು. ಬಂದಾಗಲೆಲ್ಲ ಹೊಸದಾಗಿ ಬಂದ ಮಾತಿನ ಹಾಗೇ ಇರುತ್ತಿತ್ತು.

ಈ ನಡುವೆ ಭರಣಿ ಖಾಲಿಯಾಯಿತು. ವಿಮಲ ತೊಳೆದು ಕೊಟ್ಟಳು. ನಾನು ಕೊಂಡುಹೋಗಿ ಅಕ್ಕನಿಗೆ ತಲುಪಿಸಿದೆ. ಅಕ್ಕ ಮುಚ್ಚಳ ತೆಗೆದು ಒಳಗೆ ನೋಡಿ, "ಚೆನ್ನಾಗಿ ತೊಳೆದಿದಾಳೆ," ಎಂದಳು. ಸಂಜೆ ಆ ಮಾತನ್ನೂ ಹಾಗೆಯೇ ತಂದು ಕೊಟ್ಟೆ. ವಿಮಲಳಿಗೆ ಸ್ವಲ್ಪ ಸಂತೋಷವಾಯಿತು, ನನಗೂ. ಒಂದಾದರೂ ಒಳ್ಳೆಯ ಮಾತು ಬಂತಲ್ಲ ಎಂದುಕೊಂಡೆ. ಆದರೆ ಆಮೇಲೆ ಅಕ್ಕ ಮಾತೇ ಕಡಿಮೆ ಮಾಡಿದಳು. ಕಾಫಿ ಕೊಡುತ್ತಿದ್ದಳು, ಮಳೆಯ ವಿಷಯ ಮಾತಾಡುತ್ತಿದ್ದಳು, ವಿಮಲಳ ಹೆಸರೆತ್ತುತ್ತಿರಲಿಲ್ಲ. ನನಗೆ ಕಾರಣ ತಿಳಿಯಲಿಲ್ಲ.

ಬ್ರಿಡ್ಜು ಬಂದದ್ದು ಈ ಹೊತ್ತಿಗೆ. ಅದನ್ನು ಹಾಕಲು ಬಂದವನು ರಫೀಕ್, ಮೂವತ್ತರ ಹರೆಯದ, ಶಾಂತ ಸ್ವಭಾವದ ಮನುಷ್ಯ. ಅವನ ತಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಇವನು ಕಂಪ್ಯೂಟರಿಗೆ ಬಡ್ತಿ ಹೊಂದಿದ್ದ. ಸೇತುವೆ ಎಂದರೆ ಬೂಟಿನ ಡಬ್ಬದಷ್ಟು ದೊಡ್ಡ ಕರಿ ಪೆಟ್ಟಿಗೆ. ಶಿವಮೊಗ್ಗದಲ್ಲಿ ಒಂದು, ಭದ್ರಾವತಿಯಲ್ಲಿ ಒಂದು, ನಡುವೆ ಬಾಡಿಗೆಗೆ ತೆಗೆದುಕೊಂಡ ಟೆಲಿಫೋನ್ ತಂತಿ. ಇಷ್ಟು ದಿನ ನಾನು ಮಾಡುತ್ತಿದ್ದ ಕೆಲಸವನ್ನು ಈ ಡಬ್ಬ ಹೇಗೆ ಮಾಡುತ್ತದೆಂದು ತಿಳಿಯುವ ಕುತೂಹಲ ನನಗೆ. ಸ್ವಲ್ಪ ಹೊಟ್ಟೆಕಿಚ್ಚೂ ಇತ್ತೆಂದು ಇಟ್ಟುಕೊಳ್ಳಿ.

"ನೋಡಿ ಸಾರ್," ಎಂದು ರಫೀಕ್ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹೇಳಿದ. "ಇಲ್ಲಿ ಐದು ಕಂಪ್ಯೂಟರ್ ಒಂದೇ ವೈರಲ್ಲಿ ಇದಾವೆ. ಒಂದು ಮಾತಾಡಿದ್ರೆ ಐದಕ್ಕೂ ಕೇಳುತ್ತೆ, ಒಂದೇ ಮನೇಲಿ ಇದ್ದಂಗೆ. ಭದ್ರಾವತಿದು ಇನ್ನೊಂದು ಮನೆ. ಈ ಡಬ್ಬ ಬಾಗಿಲಲ್ಲಿ ಕೂತು ಕೇಳಿಸ್ಕೋತಾ ಇರುತ್ತೆ. ಮಾತೆಲ್ಲ ಸಣ್ಣ ಸಣ್ಣ ಪ್ಯಾಕೆಟ್ ಆಗಿ ಹೋಗುತ್ತೆ. ಪ್ರತಿ ಪ್ಯಾಕೆಟ್ ಮೇಲೂ ಯಾರು ಕಳಿಸಿದ್ದು, ಯಾರಿಗೆ ಅಂತ ಬರೆದಿರುತ್ತೆ. ಯಾರು ಈ ಕಡೆಯೋರು, ಯಾರು ಆ ಕಡೆಯೋರು ಅಂತ ಕೇಳಿ ಕೇಳಿನೇ ಕಲ್ತುಬಿಡುತ್ತೆ. ಈ ಮನೆ ಮಾತು ಈ ಮನೇಲೇ ಇರೋರಿಗಾದ್ರೆ ದಾಟ್ಸಲ್ಲ. ಆ ಕಡೆಯೋರಿಗೆ ಅಂತ ಇದ್ರೆ ಮಾತ್ರ ದಾಟ್ಸುತ್ತೆ."

"ದಾಟಿಸಲ್ವಾ? ಕೇಳಿಸ್ಕೊಂಡೂ?" ಎಂದೆ.

"ದಾಟ್ಸಲ್ಲ ಸಾರ್. ಎಲ್ಲಾನೂ ದಾಟ್ಸಿದ್ರೆ ಅದು ಬ್ರಿಡ್ಜ್ ಹೆಂಗಾಗುತ್ತೆ? ಬರೀ ವೈರ್ ಆಗುತ್ತೆ."

ಈ ಮಾತು ನನಗೆ ಯಾಕೋ ಚುಚ್ಚಿತು. ಆದರೆ ಯಾಕೆಂದು ಆಗ ಹೊಳೆಯಲಿಲ್ಲ. ರಫೀಕ್ ಮೊದಲ ತಂತಿ ಕೆಟ್ಟರೆ ಇರಲಿ ಎಂದು ಇನ್ನೊಂದು ತಂತಿಗೆ ಇನ್ನೊಂದು ಜೊತೆ ಡಬ್ಬಗಳನ್ನೂ ಕೂರಿಸಿದ. ಆ ಎರಡನೆಯದರ ಸ್ವಿಚ್ ಸದಾ ಆರಿಸಿಯೇ ಇರಬೇಕು. ಹಳೆಯ ಮಾದರಿ, ತಾನೇ ಎಚ್ಚರ ವಹಿಸುವಷ್ಟು ಬುದ್ಧಿ ಅದಕ್ಕಿಲ್ಲ ಎಂದ. ಅದರ ಮೇಲೆ 'ಮುಟಬೇಡಿ' ಎಂದು ಚೀಟಿ ಅಂಟಿಸಿದ. ಅವನು ಹೋದ ಮೇಲೆ ನಾನು ಕೆಂಪು ಪೆನ್ನಿನಿಂದ ಟ ಕೆಳಗೆ ಒತ್ತು ಹಾಕಿ ಸರಿಮಾಡಿದೆ.

ಪರೀಕ್ಷೆ ನಡೆಯುವವರೆಗೆ ನಾನು ಫ್ಲಾಪಿ ಹಿಡಿದು ಓಡಾಡುತ್ತಲೇ ಇದ್ದೆ. ಆದರೆ ಬೇಗನೇ ಆ ಓಡಾಟ ನಿಲ್ಲುತ್ತದೆ, ಅಕ್ಕನ ಮನೆಯ ಕಾಫಿಯೂ ನಿಲ್ಲುತ್ತದೆ ಎಂಬುದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಗೌರಿ ಹಬ್ಬಕ್ಕೆ ಐದು ದಿನ ಉಳಿದಾಗ ಭಾವ ಸ್ಕೂಟರಿನೊಂದಿಗೆ ಬಂದರು. ಊಟ ಮಾಡಿ, ಕೈ ತೊಳೆದು, ಟವೆಲ್ಲಿಗೆ ಕೈ ಒರೆಸುತ್ತಾ, "ಚಂದ್ರು, ನಿಮ್ಮಕ್ಕ ಈ ಸಲ ಹಬ್ಬಕ್ಕೆ ಬರಲ್ವಂತೆ ಮಾರಾಯ. ಬಾಗಿನ ಕೊಡೋ ಹಾಗಿದ್ರೆ ನನ್ನ ಕೈಲೇ ಕಳಿಸಿ ಅಂದ್ಲು," ಎಂದರು. ವಿಮಲ ಒಳಗೆ ಹೋದಳು. ಬಾಗಿನ ಸ್ಕೂಟರಿನಲ್ಲಿ ಹೋದರೆ ಮುಂದಿನ ವರ್ಷ ಅದೂ ಹೋಗುವುದಿಲ್ಲ. ಹೀಗೆ ತವರು ಕಳೆದುಕೊಂಡ ಎಷ್ಟೋ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ನಮ್ಮ ಮನೆಯಲ್ಲಿ ಅದು ಒಂದು ಮಿಡಿ ಉಪ್ಪಿನಕಾಯಿಯಿಂದ ಆಗುತ್ತದೆಂದು ಎಣಿಸಿರಲಿಲ್ಲ. ಅಮ್ಮನ ಫೋಟೋ ಕಡೆ ನೋಡಲು ನಾಚಿಕೆಯಾಯಿತು.

ಮಾರನೆಯ ದಿನ ಆಫೀಸಿನಲ್ಲಿ ನನ್ನ ಮನಸ್ಸು ಸರಿಯಿರಲಿಲ್ಲ. ಭದ್ರಾವತಿಗೆ ಹೋಗುವ ಧೈರ್ಯವಾಗದೆ ಕೂತಿದ್ದೆ. ಮೂಲೆಯಲ್ಲಿ ಆ ಎರಡನೇ ಡಬ್ಬ ದೀಪವಿಲ್ಲದೆ ಕೂತಿತ್ತು. ಯಜಮಾನರು ಇಷ್ಟು ಆಸೆಪಟ್ಟು ತರಿಸಿದ್ದು ದಂಡಕ್ಕೆ ಬಿದ್ದಿದೆಯಲ್ಲ, ಎರಡು ದಾರಿ ಇದ್ದರೆ ಕೆಲಸ ಎರಡರಷ್ಟು ಬೇಗ ಆಗಬೇಕಲ್ಲ ಎಂದು ನನಗೆ ತೋರಿತು. ನಾನೇ ಒತ್ತು ಹಾಕಿ ತಿದ್ದಿದ ಚೀಟಿಯ ಪಕ್ಕದಲ್ಲೇ ಕೈ ಇಟ್ಟು ಸ್ವಿಚ್ ಒತ್ತಿದೆ. ಭದ್ರಾವತಿಗೆ ಫೋನು ಮಾಡಿ ಅಲ್ಲಿಯೂ ಒತ್ತಿಸಿದೆ.

ಎರಡು ನಿಮಿಷದಲ್ಲಿ ಡಬ್ಬಗಳ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಟುಕತೊಡಗಿದವು. ಐದು ಕಂಪ್ಯೂಟರುಗಳೂ ಕಲ್ಲಾದವು. ಭದ್ರಾವತಿಯಿಂದ ಫೋನು: "ಏನ್ ಸಾರ್ ಮಾಡಿದ್ರಿ, ಇಲ್ಲಿ ಎಲ್ಲಾ ನಿಂತೋಯ್ತು!" ನಾನು ಏನೂ ಮಾಡಿಲ್ಲವೆಂದೆ. ಸುಳ್ಳು ಹೇಳುವುದರಲ್ಲಿ ನನಗೆ ಅಭ್ಯಾಸವಿರಲಿಲ್ಲವಾದ್ದರಿಂದ ಅದು ಸರಿಯಾಗಿ ಬರಲಿಲ್ಲ.

ರಫೀಕ್ ಬಂದ. ಡಬ್ಬ ನೋಡಿದ, ಚೀಟಿ ನೋಡಿದ, ಕೆಂಪು ಒತ್ತು ನೋಡಿದ, ನನ್ನನ್ನು ನೋಡಿದ. ಸಿಟ್ಟಾಗಲಿಲ್ಲ. "ಸಾರ್, ಯಾವುದೋ ಒಂದು ಕಂಪ್ಯೂಟರ್ ಒಂದೇ ಒಂದು ಸಲ, ಪ್ರಿಂಟರ್ ಎಲ್ಲಿದೀಯಪ್ಪಾ ಅಂತ ಎಲ್ಲರಿಗೂ ಕೇಳೋ ಹಂಗೆ ಕೂಗಿದೆ. ಈ ಡಬ್ಬ ಅದನ್ನ ಆ ಕಡೆ ದಾಟ್ಸಿದೆ. ಆ ಕಡೆ ಇರೋ ಎರಡನೇ ಡಬ್ಬಕ್ಕೇನು ಗೊತ್ತು? ಯಾರೋ ಹೊಸದಾಗಿ ಕೂಗಿದ್ರು ಅಂತ ವಾಪಸ್ ಈ ಕಡೆ ದಾಟ್ಸಿದೆ. ಇದು ಮತ್ತೆ ಆ ಕಡೆಗೆ. ಕೂಗಿದೋನು ಯಾವಾಗ್ಲೋ ಸುಮ್ನಾಗಿದಾನೆ. ಕೂಗು ಮಾತ್ರ ಸುತ್ತಾ ಇದೆ, ಬೇರೆ ಯಾರ ಮಾತಿಗೂ ಜಾಗ ಇಲ್ಲ."

ನನ್ನ ಕಣ್ಣೆದುರು ಬಸ್ಸೂ ಸ್ಕೂಟರೂ ಬಂದವು. "ಇದಕ್ಕೆ ಏನ್ ಮಾಡ್ಬೇಕು ರಫೀಕ್?" ಎಂದೆ. ನನ್ನ ಧ್ವನಿಯಲ್ಲಿದ್ದ ಸಂಕಟ ಕೇಳಿ ಅವನಿಗೆ ಆಶ್ಚರ್ಯವಾಗಿರಬೇಕು.

"ಏನಿಲ್ಲ ಸಾರ್. ಎರಡರಲ್ಲಿ ಒಂದು ಸುಮ್ನಿರಬೇಕು. ಬೇಕಾದ್ರೆ ಕೇಳಿಸ್ಕೊಳ್ಳಲಿ. ದಾಟಿಸಬಾರದು, ಅಷ್ಟೇ."

ಅವನು ಸ್ವಿಚ್ ಆರಿಸಿದ. ದೀಪಗಳು ನಿಧಾನವಾದವು. ಆಮೇಲೆ ಎಲ್ಲ ತಂತಿಗಳೂ ಸರಿಯಾಗಿವೆಯೇ ಎಂದು ನೋಡುತ್ತಾ ನನ್ನ ಮೇಜಿನ ಹಿಂದೆ ತಲೆ ಹಾಕಿದವನು ಅಲ್ಲೇ ನಿಂತ. ತಂತಿಯ ಗುಂಟ ಇರುವೆ ಸಾಲು ಹೊರಟಿತ್ತು. ಅದನ್ನು ಹಿಂಬಾಲಿಸಿ, ನನ್ನ ಮೇಜಿನ ಕೆಳಗಿನ ಖಾನೆ ಎಳೆದು, ಹಳೇ ಫ್ಲಾಪಿಗಳ ಅಡಿಯಿಂದ ದಾರ ಸುತ್ತಿದ ಒಂದು ಕಾಗದದ ಪೊಟ್ಟಣ ಎತ್ತಿ ಹಿಡಿದ. "ಸಾರ್," ಎಂದ, "ಇಲ್ಲೊಂದು ಪ್ಯಾಕೆಟ್ ತಲುಪದೆ ನಿಂತೋಗಿದೆ."

ಪೊಟ್ಟಣದಲ್ಲಿ ಉಳಿದದ್ದು ಎರಡು ಹರಳು ಕಲ್ಲುಸಕ್ಕರೆ ಮತ್ತು ನೂರಾರು ಇರುವೆ. ಆಗ ನನಗೆ ನೆನಪಾಯಿತು. ಭರಣಿ ತೊಳೆದು ಕೊಟ್ಟ ದಿನ ವಿಮಲ ಈ ಪೊಟ್ಟಣವನ್ನೂ ಕೈಗಿಟ್ಟು, "ಭರಣಿ ಇನ್ನೂ ಹಸಿ ಇದೆ ರೀ, ಈಗಲೇ ಹಾಕಿದ್ರೆ ಕರಗುತ್ತೆ. ಅಕ್ಕನ ಕೈಗೆ ಕೊಡೋವಾಗ ಒಳಗೆ ಹಾಕಿ ಕೊಡಿ, ಬರೀ ಭರಣಿ ಕೊಡಬೇಡಿ," ಎಂದಿದ್ದಳು. ಆಫೀಸಿಗೆ ಬಂದವನು ಫ್ಲಾಪಿ ತೆಗೆಯುವಾಗ ಪೊಟ್ಟಣವನ್ನು ಖಾನೆಯಲ್ಲಿಟ್ಟು, ಭರಣಿ ಮಾತ್ರ ಎತ್ತಿಕೊಂಡು ಬಸ್ಸು ಹತ್ತಿದ್ದೆ. ನಮ್ಮ ಕಡೆ ತಿಂಡಿ ತುಂಬಿ ಬಂದ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಬರಿ ಪಾತ್ರೆ ಬಂತೆಂದರೆ, ಇನ್ನು ನಿಮ್ಮ ಮನೆಯದು ಬೇಡ ಎಂದ ಹಾಗೆ. ಅಕ್ಕ ಮುಚ್ಚಳ ತೆಗೆದು ಒಳಗೆ ನೋಡಿದ್ದು ತೊಳೆದದ್ದು ಹೇಗಿದೆ ಎಂದಲ್ಲ. 'ಚೆನ್ನಾಗಿ ತೊಳೆದಿದಾಳೆ.' ಆ ಮಾತನ್ನು ಒಂದಕ್ಷರ ಬಿಡದೆ ತಂದು ಕೊಟ್ಟು, ಮೆಚ್ಚುಗೆ ಎಂದು ಸಂತೋಷಪಟ್ಟಿದ್ದೆ.

ಸಂಜೆ ಮನೆಗೆ ಹೋಗಿ, ಇರುವೆ ಕೊಡವಿದ ಪೊಟ್ಟಣವನ್ನು ವಿಮಲಳ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದು ಸಿದ್ಧನಾಗಿದ್ದೆ. ಬೈಯಲಿಲ್ಲ. ಪೊಟ್ಟಣ ಬಿಚ್ಚಿ ನೋಡಿ, "ಎರಡು ತಿಂಗಳು ಅವರು ಏನಂದ್ಕೊಂಡಿರಬೇಡ," ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಗಡಿಬಿಡಿಯಾಗಿ, "ನಾಳೆ ಬೆಳಿಗ್ಗೆನೇ ಹೋಗ್ತೀನಿ. ಅಕ್ಕನಿಗೆ ಏನು ಹೇಳ್ಬೇಕು ಹೇಳು, ಹಾಗೇ ಹೇಳಿ ಬರ್ತೀನಿ," ಎಂದೆ.

"ಬೇಡ," ಎಂದಳು ವಿಮಲ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವಳು ನನಗೆ ಕೈ ಮುಗಿದದ್ದು ಅದೇ ಮೊದಲು. "ನೀವು ಯಾರಿಗೂ ಏನೂ ಹೇಳಬೇಡಿ."

ಮಾರನೆಯ ದಿನ ಹೊಸ ಕಲ್ಲುಸಕ್ಕರೆ ಕಟ್ಟಿಕೊಂಡು, ಆ ಹಳೇ ಪೊಟ್ಟಣವನ್ನೂ ಚೀಲದಲ್ಲಿ ಇಟ್ಟುಕೊಂಡು, ಅವಳೇ ಭದ್ರಾವತಿಯ ಬಸ್ಸು ಹತ್ತಿದಳು. ಕಾಗದನಗರದಲ್ಲಿ ಅವರಿಬ್ಬರ ನಡುವೆ ಏನು ಮಾತಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಸಂಜೆ ಬಂದಾಗ ಅವಳ ಕಂಕುಳಲ್ಲಿ ಅದೇ ಭರಣಿ ಇತ್ತು, ತುಂಬಿತ್ತು. "ಏನಂದ್ಲು ಅಕ್ಕ?" ಎಂದು ಬಾಗಿಲಲ್ಲೇ ಕೇಳಿದೆ. "ಹಬ್ಬಕ್ಕೆ ಬರ್ತಾರಂತೆ," ಎಂದಳು. "ಅಷ್ಟೇನಾ?" ಎಂದೆ. "ನಿಮಗೆ ಅಷ್ಟೇ," ಎಂದು ಒಳಗೆ ಹೋದಳು.

ಗೌರಿ ಹಬ್ಬದ ದಿನ ಬೆಳಿಗ್ಗೆ ಅಕ್ಕ ಭಾವನ ಸ್ಕೂಟರಿನಲ್ಲಿ ಬಂದಳು. ಸ್ಕೂಟರು ದಾರಿಯಲ್ಲಿ ಎಲ್ಲೂ ಕೆಡದೆ ಬಂದದ್ದು ಆ ಹಬ್ಬದ ಇನ್ನೊಂದು ವಿಶೇಷ. ದೇವರ ಕೋಣೆಯ ಹೊಸಿಲ ಹತ್ತಿರ ವಿಮಲ ಬಾಗಿನ ಕೊಟ್ಟಳು, ನಾನು ಹಿತ್ತಿಲಿಗೆ ಹೋಗಿ ಬಂದೆ. ಆಮೇಲೆ ಜಗಲಿಯಲ್ಲಿ ಕೂತು ಭಾವನಿಗೆ ರಫೀಕ್ ಹೇಳಿದ್ದನ್ನೆಲ್ಲ ವಿವರಿಸಿದೆ. "ಎರಡು ಡಬ್ಬ ಇದ್ರೆ ಒಂದು ಸುಮ್ನಿರಬೇಕು ಭಾವ. ನಮ್ಮಿಬ್ಬರಲ್ಲಿ ಒಬ್ಬರು ಬಾಯಿ ಮುಚ್ಚಿಕೊಂಡಿರಬೇಕು," ಎಂದೆ. ಭಾವ ಒಂದು ಕ್ಷಣವೂ ಯೋಚಿಸದೆ, "ಸರಿ ಮಾರಾಯ, ನೀನಿರು," ಎಂದರು.

ಅಡಿಗೆಮನೆಯಿಂದ ಆ ಇಬ್ಬರೂ ಜೋರಾಗಿ ನಗುವ ಸದ್ದು ಬಂತು. ಏನೋ ಹೇಳುತ್ತಾರೆ, ನಗುತ್ತಾರೆ, ಮತ್ತೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ, ಮತ್ತೆ ನಗು. ನಡುವೆ ಒಂದೆರಡು ಸಲ ನನ್ನ ಹೆಸರು ಕೇಳಿದ ಹಾಗಾಯಿತು. ತಡೆಯಲಾಗಲಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತು, "ಏನದು?" ಎಂದೆ. ಅಕ್ಕ ತಿರುಗಿ, "ನಿನಗಲ್ಲ ಕಣೋ, ಹೋಗು," ಎಂದಳು. ಒಂದೇ ಮನೆಯಲ್ಲಿ ಇರುವವರು ಒಬ್ಬರಿಗೊಬ್ಬರು ಆಡಿದ ಮಾತು ಬಾಗಿಲು ದಾಟುವುದಿಲ್ಲವೆಂದು ರಫೀಕ್ ಹೇಳಿದ್ದ. ಆದರೆ ಬಾಗಿಲಲ್ಲಿ ಕೂತ ಡಬ್ಬಕ್ಕೆ ಕೇಳಿಸುತ್ತದೆ ಎಂದೂ ಹೇಳಿದ್ದ. ನನಗೆ ಆ ಭಾಗ್ಯವೂ ಸಿಗಲಿಲ್ಲ.

ಊಟಕ್ಕೆ ಕೂತೆವು. ಎಲೆಯ ತುದಿಗೆ ವಿಮಲ ಹೊಸದಾಗಿ ತುಂಬಿ ಬಂದ ಭರಣಿಯಿಂದ ಒಂದು ಮಿಡಿ ಇಟ್ಟಳು. ಎಂದಿನ ಚಪಲದಿಂದ ಅದನ್ನೇ ಮೊದಲು ಕಚ್ಚಿದೆ. ಉಪ್ಪು ನಾಲಿಗೆಗೆ ಚುರುಕ್ಕೆಂದಿತು. ಹಿಂದಿನ ಸಲದ್ದು ಇದರ ಮುಂದೆ ಏನೂ ಅಲ್ಲ. ಬೇಕೆಂದೇ ಹಾಕಿದ್ದರೋ ಅಥವಾ ಅಕ್ಕನ ಕೈಯಳತೆಯೇ ಹಾಗೋ ತಿಳಿಯಲಿಲ್ಲ. ತಲೆಯೆತ್ತಿ ನೋಡಿದರೆ ಅಕ್ಕ, ವಿಮಲ, ಭಾವ ಮೂವರೂ ತುತ್ತು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಉಪ್ಪು ಹೇಗಿದೆಯೋ?" ಎಂದಳು ಅಕ್ಕ.

"ಸರಿಯಾಗಿದೆ," ಎಂದು ಹೇಳಿ, ಎರಡು ಲೋಟ ನೀರು ಕುಡಿದೆ.